ಗಣಕಯಂತ್ರದ ಕಾವಲಿಗೆ ಹಣ ತೆರಬೇಕೆ?

ವಿದ್ಯಾಸಂಸ್ಥೆಯೊಂದರ ಸಂಪತ್ತು ಅದರ ಕಟ್ಟಡ ಹಾಗೂ ಪೀಠೋಪಕರಣಗಳಲ್ಲಿ ಮಾತ್ರ ಇರುವುದಿಲ್ಲ. ಅದರ ದಾಖಲೆಗಳಲ್ಲಿಯೂ ಇರುತ್ತದೆ. ಹಾಜರಿ ಪುಸ್ತಕ, ಅಂಕಪಟ್ಟಿ, ವರ್ಗಾವಣೆ ಪತ್ರ, ಶುಲ್ಕದ ಲೆಕ್ಕ, ದಾನಿಗಳ ಪಟ್ಟಿ ಇವೆಲ್ಲವೂ ಒಂದು ಕಾಲದಲ್ಲಿ ಮುಖ್ಯೋಪಾಧ್ಯಾಯರ ಕೊಠಡಿಯ ಕಬ್ಬಿಣದ ಬೀರುವಿನಲ್ಲಿದ್ದುವು. ಬೀರುವಿಗೊಂದು ಬೀಗ, ಬೀಗಕ್ಕೆರಡು ಕೀಲಿಕೈ. ಅಲ್ಲಿಗೆ ರಕ್ಷಣೆಯ ಪ್ರಶ್ನೆ ಮುಗಿಯುತ್ತಿತ್ತು. ಇಂದು ಅವುಗಳಲ್ಲಿ ಬಹುಭಾಗ ಗಣಕಯಂತ್ರವನ್ನು ಸೇರಿದೆ. ಅದರೊಂದಿಗೆ ಬೀಗದ ಪ್ರಶ್ನೆಯೂ ರೂಪ ಬದಲಿಸಿಕೊಂಡು ಬಂದಿದೆ. ವರ್ಷ ವರ್ಷವೂ ಆಯವ್ಯಯ ಪಟ್ಟಿಯನ್ನು ಸಿದ್ಧಪಡಿಸುವಾಗ ‘ಆಂಟಿವೈರಸ್ ನವೀಕರಣ’ ಎಂಬ ಬಾಬು ತಲೆಯೆತ್ತುತ್ತದೆ. ಇದು ಅನಿವಾರ್ಯವೆಂದು ಕೆಲವರು ವಾದಿಸುತ್ತಾರೆ. ಉಚಿತವಾಗಿ ದೊರೆಯುವುದಕ್ಕೆ ಹಣ ತೆರುವುದೇಕೆಂದು ಮತ್ತೆ ಕೆಲವರು ಕೇಳುತ್ತಾರೆ. ಪ್ರಶ್ನೆ ಸಣ್ಣದಾಗಿ ಕಂಡರೂ ಇದರಲ್ಲಿ ದಾನಿಗಳು ಶ್ರದ್ಧೆಯಿಂದ ಕೊಟ್ಟ ಹಣದ ಸದ್ವಿನಿಯೋಗವೂ ಮಕ್ಕಳ ಮಾಹಿತಿಯ ಸಂರಕ್ಷಣೆಯೂ ಅಡಗಿರುವುದರಿಂದ, ಇದನ್ನು ಶಾಂತಚಿತ್ತದಿಂದ ವಿಚಾರ ಮಾಡುವುದು ಯುಕ್ತ.

ನಮ್ಮ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳಿಬಿಡುವುದು ಲೇಸು. ನಮ್ಮಂತಹ ಶಾಲೆಗಳ ಸಾಮಾನ್ಯ ಗಣಕಯಂತ್ರಗಳಿಗೆ ಹಣ ತೆತ್ತು ಕೊಳ್ಳುವ ಆಂಟಿವೈರಸ್ ಇಂದು ಅವಶ್ಯಕವಲ್ಲ. ಆದರೆ ಆ ಹಣವನ್ನು ಉಳಿತಾಯವೆಂದು ಜೇಬಿಗಿಳಿಸುವುದೂ ಸರಿಯಲ್ಲ. ಅದು ಸಲ್ಲಬೇಕಾದ ಸ್ಥಳ ಬೇರೆ ಇದೆ.

ಮೊದಲು ವೈರಸ್ಸಿನ ಪೂರ್ವವೃತ್ತಾಂತವನ್ನು ಸ್ವಲ್ಪ ನೋಡೋಣ. ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆ ಪ್ರತ್ಯೇಕವಾಗಿ ರಚನೆಯಾದ ೧೯೮೬ನೆಯ ವರ್ಷದಲ್ಲಿಯೇ, ಲಾಹೋರಿನ ಇಬ್ಬರು ಸಹೋದರರು ‘ಬ್ರೈನ್’ ಎಂಬ ಕಿರು ಕ್ರಮವಿಧಿಯೊಂದನ್ನು ಹೊರಬಿಟ್ಟರು. ತಾವು ರಚಿಸಿದ ತಂತ್ರಾಂಶವನ್ನು ಜನ ಕದ್ದು ನಕಲು ಮಾಡುವುದನ್ನು ತಡೆಯುವುದು ತಮ್ಮ ಉದ್ದೇಶವಾಗಿತ್ತೆಂದು ಅವರು ಹೇಳಿದರು. ಅದು ಫ್ಲಾಪಿಯಿಂದ ಫ್ಲಾಪಿಗೆ ಹಾರುತ್ತ ದೇಶದೇಶಗಳನ್ನು ಸುತ್ತಿತು. ಐಬಿಎಂ ಮಾದರಿಯ ಪಿ.ಸಿ.ಗಳಲ್ಲಿ ಹರಡಿದ ಮೊಟ್ಟಮೊದಲ ವೈರಸ್ ಅದೇ. ಅಮೆರಿಕದ ಫ್ರೆಡ್ ಕೊಹೆನ್ ಎಂಬ ವಿದ್ವಾಂಸರು ಆ ದಶಕದಲ್ಲಿಯೇ ಮತ್ತೊಂದು ಮಾತನ್ನು ಗಣಿತದ ನೆಲೆಯಲ್ಲಿ ಸಾಧಿಸಿ ತೋರಿಸಿದರು. ಎಲ್ಲ ವೈರಸ್ಸುಗಳನ್ನೂ ತಪ್ಪದೆ ಗುರುತಿಸಬಲ್ಲ ಒಂದೇ ಪರಿಪೂರ್ಣ ವಿಧಾನ ಇರಲಾರದು ಎಂಬುದೇ ಆ ಮಾತು. ನೂರಕ್ಕೆ ನೂರು ರಕ್ಷಣೆ ಎಂದು ಜಾಹೀರಾತು ಸಾರಿದಾಗಲೆಲ್ಲ ವಾಚಕರು ಇದನ್ನು ನೆನಪಿಗೆ ತಂದುಕೊಳ್ಳಬೇಕು.

ಹಣ ತೆರುವ ಪದ್ಧತಿ ನಿಷ್ಕಾರಣವಾಗಿ ಹುಟ್ಟಿದ್ದಲ್ಲ. ಅಂದಿನ ವಿಂಡೋಸ್ ವ್ಯವಸ್ಥೆಗೆ ಸ್ವಂತ ಕಾವಲೆಂಬುದು ಇರಲಿಲ್ಲ. ೧೯೯೦ರ ದಶಕದಲ್ಲಿ ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ೭ ಮೊದಲಾದ ಸಂಸ್ಥೆಗಳು ನಮ್ಮ ದೇಶದಲ್ಲಿಯೇ ಈ ಉದ್ಯಮವನ್ನು ಕಟ್ಟಿದುವು. ಅನಂತರ ಪೆನ್ ಡ್ರೈವ್ ಬಂತು. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ದೇವನಹಳ್ಳಿ ಎಲ್ಲಿಯೇ ಆಗಲಿ, ಪ್ರಶ್ನೆಪತ್ರಿಕೆಯನ್ನೋ ಕರಪತ್ರವನ್ನೋ ಅಚ್ಚು ಮಾಡಿಸಲು ಡಿಟಿಪಿ ಅಂಗಡಿಗೆ ಹೋದ ಪೆನ್ ಡ್ರೈವ್ ಹಿಂದಿರುಗುವಾಗ ತನ್ನೊಡನೆ ವೈರಸ್ಸನ್ನು ತರುತ್ತಿದ್ದುದು ಆ ದಿನಗಳ ಉಪಾಧ್ಯಾಯರಿಗೆಲ್ಲ ತಿಳಿದ ಸಂಗತಿ. ಕಡತಗಳೆಲ್ಲ ಮಾಯವಾಗಿ ಬರಿಯ ‘ಶಾರ್ಟ್‌ಕಟ್’ ಗುರುತುಗಳು ಉಳಿದಾಗ ಎದೆ ಧಸಕ್ಕೆಂದವರು ಅನೇಕರು. ಪೆನ್ ಡ್ರೈವ್ ಸಿಕ್ಕಿಸಿದೊಡನೆ ಅದರೊಳಗಿನ ಕ್ರಮವಿಧಿ ತಾನಾಗಿಯೇ ಚಾಲನೆಗೊಳ್ಳುವ ಸೌಲಭ್ಯವನ್ನು ಮೈಕ್ರೋಸಾಫ್ಟ್ ಸಂಸ್ಥೆ ಹಳೆಯ ವಿಂಡೋಸ್‌ಗಳಲ್ಲಿ ೨೦೧೧ರಲ್ಲಿ ತಡೆಹಿಡಿದ ಮೇಲೆ ಈ ಪೀಡೆ ಬಹುಮಟ್ಟಿಗೆ ತಗ್ಗಿತು. ಅಂತಹ ಕಾಲದಲ್ಲಿ ಹಣ ಕೊಟ್ಟು ಆಂಟಿವೈರಸ್ ತಂದವರು ವಿವೇಕಿಗಳೇ ಆಗಿದ್ದರು.

ಪರಿಸ್ಥಿತಿ ಅನಂತರ ಬದಲಾಯಿತು. ೨೦೦೯ರಲ್ಲಿ ಮೈಕ್ರೋಸಾಫ್ಟ್ ತನ್ನದೇ ಆದ ಉಚಿತ ರಕ್ಷಣೆಯನ್ನು ಹೊರತಂದಿತು. ೨೦೧೨ರ ವಿಂಡೋಸ್ ೮ರಿಂದ ಮುಂದಕ್ಕೆ ‘ಡಿಫೆಂಡರ್’ ಎಂಬ ಹೆಸರಿನಲ್ಲಿ ಅದು ವ್ಯವಸ್ಥೆಯ ಅಂಗವೇ ಆಯಿತು. ಆರಂಭದಲ್ಲಿ ಅದರ ಯೋಗ್ಯತೆ ಸಾಧಾರಣವಾದುದೇ ಆಗಿತ್ತು. ಜರ್ಮನಿಯ ಎವಿ-ಟೆಸ್ಟ್ ಎಂಬ ಸ್ವತಂತ್ರ ಪರೀಕ್ಷಾ ಸಂಸ್ಥೆ ೨೦೧೨ರಲ್ಲಿ ಅದಕ್ಕೆ ಅರ್ಹತಾಪತ್ರವನ್ನೇ ನಿರಾಕರಿಸಿತ್ತು. ಈಚಿನ ವರ್ಷಗಳಲ್ಲಿಯಾದರೋ ಅದೇ ಸಂಸ್ಥೆಯ ಪರೀಕ್ಷೆಗಳಲ್ಲಿ ಡಿಫೆಂಡರ್ ಹಣ ತೆರುವ ಪ್ರಸಿದ್ಧ ತಂತ್ರಾಂಶಗಳ ಸಮಕ್ಕೆ ನಿಂತು ಪೂರ್ಣಾಂಕಗಳನ್ನು ಪಡೆಯುತ್ತಿದೆ. ತರಗತಿಯಲ್ಲಿ ಹಿಂದೆ ಬಿದ್ದಿದ್ದ ವಿದ್ಯಾರ್ಥಿ ಶ್ರಮಪಟ್ಟು ಮುಂದಿನ ಸಾಲಿಗೆ ಬಂದಂತಾಗಿದೆ. ಹಳೆಯ ಅಂಕಪಟ್ಟಿಯನ್ನೇ ಹಿಡಿದು ಅವನನ್ನು ಇಂದಿಗೂ ಅಳೆಯುವುದು ನ್ಯಾಯವಲ್ಲ.

ಹಣದ ಪಕ್ಷದವರ ವಾದವನ್ನೂ ಪ್ರಾಮಾಣಿಕವಾಗಿ ಪರಿಶೀಲಿಸಬೇಕು. ಹಣ ಕೊಟ್ಟವರಿಗೆ ದೂರವಾಣಿಯಲ್ಲಿ ಸಹಾಯ ದೊರೆಯುತ್ತದೆ ಎಂಬುದು ಅವರ ಮೊದಲನೆಯ ವಾದ. ಇದು ನಿಜ, ಬಳಿಯಲ್ಲಿ ಬಲ್ಲವರಿಲ್ಲದ ಕಡೆ ಇದಕ್ಕೆ ಬೆಲೆಯೂ ಉಂಟು. ಹೆಚ್ಚಿನ ಅಂಗಗಳಿರುತ್ತವೆ ಎಂಬುದು ಎರಡನೆಯದು. ಪಾಸ್‌ವರ್ಡ್ ಭಂಡಾರ, ವಿಪಿಎನ್, ಯಂತ್ರವನ್ನು ಚುರುಕುಗೊಳಿಸುವ ಸಾಧನ ಮುಂತಾದುವು ಆ ಪೊಟ್ಟಣದಲ್ಲಿರುತ್ತವೆ, ಸರಿ. ಆದರೆ ಒಂದೇ ಸಂಸ್ಥೆ ಉಚಿತವಾಗಿಯೂ ಬೆಲೆಗೂ ತಂತ್ರಾಂಶವನ್ನು ಕೊಡುವಾಗ, ವೈರಸ್ ಹಿಡಿಯುವ ಮೂಲಯಂತ್ರ ಸಾಮಾನ್ಯವಾಗಿ ಎರಡರಲ್ಲಿಯೂ ಒಂದೇ ಆಗಿರುತ್ತದೆಂಬುದನ್ನು ಮರೆಯಬಾರದು. ಮೂರನೆಯದು ಕೇಂದ್ರ ನಿರ್ವಹಣೆ. ನೂರಾರು ಯಂತ್ರಗಳನ್ನು ಒಂದೆಡೆ ಕುಳಿತು ನೋಡಿಕೊಳ್ಳಬೇಕಾದ ದೊಡ್ಡ ಕಾಲೇಜಿಗೆ ಇದು ತಕ್ಕುದೇ. ನಾಲ್ಕನೆಯದು, ನಮ್ಮ ಪ್ರದೇಶಕ್ಕೆ ವಿಶೇಷವಾಗಿ ಅನ್ವಯಿಸುವ ವಾದ. ಡಿಫೆಂಡರ್ ತನ್ನ ಬಲದ ದೊಡ್ಡ ಪಾಲನ್ನು ಅಂತರಜಾಲದ ಸಂಪರ್ಕದಿಂದ ಪಡೆಯುತ್ತದೆ. ಸಂಪರ್ಕ ಕಡಿದಾಗ ಅದರ ದೃಷ್ಟಿ ಮಂದವಾಗುತ್ತದೆ. ಹಳ್ಳಿಗಾಡಿನ ಶಾಲೆಗಳು ಇದನ್ನು ಗಮನಿಸತಕ್ಕದ್ದು. ಆದರೆ ವಾರಗಟ್ಟಲೆ ಅಂತರಜಾಲವಿಲ್ಲದ ಯಂತ್ರದಲ್ಲಿ ಹಣದ ಆಂಟಿವೈರಸ್ಸೂ ಹೊಸ ವೈರಸ್ಸುಗಳ ಪಟ್ಟಿಯನ್ನು ಪಡೆಯದೆ ಹಳತಾಗುತ್ತದೆ ಎಂಬುದನ್ನೂ ಕೂಡಿಸಿ ಹೇಳಬೇಕು.

ಇನ್ನು ‘ಉಚಿತ’ ಎಂಬ ಪದದ ಪರೀಕ್ಷೆ ಆಗಬೇಕು. ದಾಸೋಹದ ಪಂಕ್ತಿಯಲ್ಲಿ ಬಡಿಸಿದ ಅನ್ನವೂ ಯಾರದೋ ಕಾಯಕದ ಫಲವೆಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇವೆ. ತಂತ್ರಾಂಶದಲ್ಲಿಯೂ ಹಾಗೆಯೇ, ಬೆಲೆಯನ್ನು ಯಾರೋ ತೆತ್ತೇ ಇರುತ್ತಾರೆ. ಯಾರು, ಹೇಗೆ ತೆತ್ತರೆಂಬುದನ್ನು ಅನುಸರಿಸಿ ಉಚಿತವನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಸಾರ್ವಜನಿಕ ಹಿತಕ್ಕಾಗಿ ಕೊಟ್ಟದ್ದು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶ ನಮಗೆಲ್ಲ ಹೀಗೆ ದೊರಕಿತು. ಭಾರತ ಸರ್ಕಾರ ೨೦೧೭ರ ಫೆಬ್ರವರಿಯಲ್ಲಿ ತೆರೆದ ‘ಸೈಬರ್ ಸ್ವಚ್ಛತಾ ಕೇಂದ್ರ’ ಯಂತ್ರಗಳನ್ನು ಶುದ್ಧಿಗೊಳಿಸುವ ಸಾಧನಗಳನ್ನು ಇದೇ ರೀತಿ ಕೊಡುತ್ತಿದೆ. ಎರಡನೆಯದು ಬೇರೊಂದು ಬೆಲೆಯೊಳಗೆ ಅಡಗಿರುವುದು. ಡಿಫೆಂಡರ್ ಈ ಜಾತಿಯದು; ವಿಂಡೋಸ್ ಪರವಾನಗಿಗೆ ಹಣ ಕೊಟ್ಟಾಗಲೇ ಅದಕ್ಕೂ ಕೊಟ್ಟಿರುತ್ತೇವೆ. ಹೀಗಿರುವಾಗ ಅದನ್ನು ಮೂಲೆಗಿಟ್ಟು ಮತ್ತೊಂದನ್ನು ಕೊಳ್ಳುವುದು ಒಂದೇ ಬಾಗಿಲಿಗೆ ಎರಡು ಬಾರಿ ಬೀಗದ ಹಣ ತೆತ್ತಂತೆ.

ಮೂರನೆಯ ಬಗೆಯದೇ ಅಪಾಯಕರವಾದದ್ದು. ಅದರಲ್ಲಿ ಬೆಲೆಯನ್ನು ತೆರುವವರು ನಾವೇ, ನಮಗೆ ಅರಿವಿಲ್ಲದೆ, ನಮ್ಮ ಮಾಹಿತಿಯ ರೂಪದಲ್ಲಿ. ಉಚಿತ ಆಂಟಿವೈರಸ್ಸಿನಿಂದ ಲೋಕವಿಖ್ಯಾತವಾದ ಅವಾಸ್ಟ್ ಸಂಸ್ಥೆ ಬಳಕೆದಾರರು ಅಂತರಜಾಲದಲ್ಲಿ ಎಲ್ಲೆಲ್ಲಿ ಸಂಚರಿಸಿದರೆಂಬ ವಿವರವನ್ನು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು ಬಯಲಾಗಿ, ೨೦೨೦ರ ಜನವರಿಯಲ್ಲಿ ಆ ಅಂಗಸಂಸ್ಥೆಯನ್ನು ಮುಚ್ಚಬೇಕಾಯಿತು. ೨೦೨೪ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಂದು ಕೋಟಿ ಅರವತ್ತೈದು ಲಕ್ಷ ಡಾಲರುಗಳನ್ನು ತೆರುವಂತೆ ಅವಾಸ್ಟ್ ಸಂಸ್ಥೆಗೆ ವಿಧಿಸಿ, ಜಾಹೀರಾತಿಗಾಗಿ ಇಂತಹ ಮಾಹಿತಿಯನ್ನು ಮಾರುವುದನ್ನೂ ನಿಷೇಧಿಸುವ ಕ್ರಮ ಕೈಗೊಂಡಿತು. ಕಾವಲುಗಾರನೇ ಮನೆಯ ಸುದ್ದಿಯನ್ನು ಬೀದಿಯಲ್ಲಿ ಮಾರಿದ ಕಥೆ ಇದು. ಆದುದರಿಂದ, ಉಚಿತವೇ ಸಾಕು ಎಂದು ನಾವು ಹೇಳುವಾಗ, ಅಂತರಜಾಲದಲ್ಲಿ ಕಣ್ಣಿಗೆ ಬಿದ್ದ ಯಾವುದೋ ಉಚಿತವನ್ನು ತಂದು ಸ್ಥಾಪಿಸಿರೆಂದು ಹೇಳುತ್ತಿಲ್ಲ. ವ್ಯವಸ್ಥೆಯಲ್ಲಿಯೇ ಇರುವ ಕಾವಲನ್ನು ಸರಿಯಾಗಿ ಬಳಸಿರೆಂದು ಹೇಳುತ್ತಿದ್ದೇವೆ.

ಹಾಗಾದರೆ ಈಚಿನ ವರ್ಷಗಳಲ್ಲಿ ನಡೆದ ಮಹಾಹಾನಿಗಳು ಯಾವ ಬಾಗಿಲಿನಿಂದ ಬಂದುವು? ೨೦೧೭ರ ಮೇ ೧೨ರಂದು ‘ವನ್ನಾಕ್ರೈ’ ಎಂಬ ಒತ್ತೆಹಣದ ವೈರಸ್ ನೂರೈವತ್ತರಷ್ಟು ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಯಂತ್ರಗಳ ಕಡತಗಳನ್ನು ಬಂಧಿಸಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಿದುವು. ನೆರೆಯ ಆಂಧ್ರಪ್ರದೇಶದ ಪೋಲೀಸ್ ಇಲಾಖೆಯ ಕೆಲವು ಗಣಕಯಂತ್ರಗಳೂ ಸಿಕ್ಕಿಬಿದ್ದುವು. ಆದರೆ ಆ ವೈರಸ್ ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್ ೧೪ರಂದು, ಯಾವ ಶುಲ್ಕವೂ ಇಲ್ಲದೆ ಬಿಡುಗಡೆ ಮಾಡಿತ್ತು. ಅದನ್ನು ಸಕಾಲದಲ್ಲಿ ಹಾಕಿಕೊಂಡವರು ಬಿಡಿಗಾಸಿನ ಖರ್ಚಿಲ್ಲದೆ ಪಾರಾದರು. ನಾಳೆ ನೋಡೋಣವೆಂದು ‘ಅಪ್‌ಡೇಟ್’ ಸೂಚನೆಯನ್ನು ಮುಂದೂಡಿದವರು ನಷ್ಟಕ್ಕೊಳಗಾದರು. ೨೦೨೨ರ ನವೆಂಬರಿನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಸರ್ವರುಗಳು ಇಂತಹುದೇ ದಾಳಿಗೆ ತುತ್ತಾಗಿ, ಸುಮಾರು ಎರಡು ವಾರ ಆ ಮಹಾಸಂಸ್ಥೆ ಚೀಟಿಗಳನ್ನು ಕೈಯಿಂದ ಬರೆದು ಕೆಲಸ ಸಾಗಿಸಬೇಕಾಯಿತು. ಇಂತಹ ಗಳಿಗೆಯಲ್ಲಿ ಕೈಹಿಡಿಯುವುದು ಬೇರೆಡೆ ಜೋಪಾನವಾಗಿಟ್ಟ ಪ್ರತಿಯೇ ಹೊರತು ಬೇರೇನೂ ಅಲ್ಲ.

ಹಣ ಕೊಟ್ಟು ಕೊಂಡ ಕಾವಲೂ ಎಡವುತ್ತದೆಂಬುದಕ್ಕೆ ಸಾಕ್ಷಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ೨೦೨೪ರ ಜುಲೈ ೧೯ರಂದು ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಇಂಡಿಗೋ, ಆಕಾಸ, ಸ್ಪೈಸ್‌ಜೆಟ್ ಮೊದಲಾದ ಸಂಸ್ಥೆಗಳ ಪ್ರಯಾಣಿಕರ ನೋಂದಣಿ ವ್ಯವಸ್ಥೆ ಅಸ್ತವ್ಯಸ್ತಗೊಂಡು ಉದ್ದನೆಯ ಸಾಲುಗಳು ನಿಂತುವು. ಆ ದಿನ ಲೋಕದಾದ್ಯಂತ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿದ್ದು ಯಾವ ವೈರಸ್ಸೂ ಅಲ್ಲ, ಯಾವ ಶತ್ರುವೂ ಅಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆ, ದೊಡ್ಡ ದೊಡ್ಡ ಕಂಪನಿಗಳು ದುಬಾರಿ ಬೆಲೆ ತೆತ್ತು ಕೊಳ್ಳುವ ತನ್ನ ರಕ್ಷಣಾ ತಂತ್ರಾಂಶಕ್ಕೆ ಕಳುಹಿಸಿದ ಒಂದು ದೋಷಯುಕ್ತ ಕಡತವೇ ಅದಕ್ಕೆ ಕಾರಣ. ದೇಶದ ಹಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಲೇಖನಿಯಿಂದ ಬರೆದುಕೊಟ್ಟರು. ಇದರಿಂದ ಹಣದ ತಂತ್ರಾಂಶಗಳೆಲ್ಲ ನಿರರ್ಥಕವೆಂದು ತೀರ್ಮಾನಿಸುವುದು ಅವಿವೇಕವಾದೀತು. ಯಾವುದೇ ಕಾವಲೂ ತಪ್ಪಬಹುದು, ತಪ್ಪಿದಾಗ ಏನು ಮಾಡಬೇಕೆಂಬ ಸಿದ್ಧತೆ ನಮ್ಮಲ್ಲಿರಬೇಕು ಎಂಬಷ್ಟು ಪಾಠವನ್ನು ಮಾತ್ರ ಅದರಿಂದ ಕಲಿತರೆ ಸಾಕು.

ಮತ್ತೆ ಕೆಲವು ಆಪತ್ತುಗಳು ಆಂಟಿವೈರಸ್ಸಿನ ವ್ಯಾಪ್ತಿಗೇ ಬರುವುದಿಲ್ಲ. ೨೦೨೫ರ ಆರಂಭದಲ್ಲಿ ಆಸ್ತಿ ನೋಂದಣಿಯ ‘ಕಾವೇರಿ ೨.೦’ ಜಾಲತಾಣಕ್ಕೆ ಕೃತಕ ಬೇಡಿಕೆಗಳ ಪ್ರವಾಹವನ್ನು ಹರಿಸಿದ್ದರಿಂದ ರಾಜ್ಯದ ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ ಕೆಲಸ ಕುಂಠಿತವಾದುದನ್ನು ನಿವೇಶನ, ಜಮೀನುಗಳ ವ್ಯವಹಾರ ಹೆಚ್ಚಾಗಿರುವ ನಮ್ಮ ತಾಲ್ಲೂಕುಗಳ ಜನ ಚೆನ್ನಾಗಿ ಬಲ್ಲರು. ಅಲ್ಲಿ ಸಾಲು ನಿಂತವನ ಯಂತ್ರದಲ್ಲಿ ಯಾವ ಆಂಟಿವೈರಸ್ ಇದ್ದರೇನು? ‘ಡಿಜಿಟಲ್ ಬಂಧನ’ವೆಂದು ಹೆದರಿಸಿ ವೃದ್ಧರಿಂದಲೂ ನಿವೃತ್ತರಿಂದಲೂ ಜೀವಮಾನದ ಗಳಿಕೆಯನ್ನು ಕಸಿಯುವ ವಂಚಕರು ಯಂತ್ರವನ್ನು ಮುಟ್ಟುವುದೇ ಇಲ್ಲ, ಮನುಷ್ಯನ ಭಯವನ್ನು ಮುಟ್ಟುತ್ತಾರೆ. ಮದುವೆಯ ಆಹ್ವಾನ ಪತ್ರಿಕೆಯೆಂದು ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಕಡತವನ್ನು ಫೋನು ಎಚ್ಚರಿಸಿದರೂ ಲೆಕ್ಕಿಸದೆ ಒತ್ತಿ ಸ್ಥಾಪಿಸಿಕೊಳ್ಳುವವರು ನಾವೇ. ಹೀಗೆ ಹಣ ಕಳೆದುಕೊಂಡವರು ತಡಮಾಡದೆ ೧೯೩೦ ಎಂಬ ಸಂಖ್ಯೆಗೆ ಕರೆಮಾಡಬೇಕೆಂಬ ಒಂದು ಮಾತನ್ನು ಮಕ್ಕಳ ಮೂಲಕ ಮನೆಮನೆಗೆ ಮುಟ್ಟಿಸಿದರೆ, ಅದು ಹತ್ತು ಪರವಾನಗಿಗಳನ್ನು ಕೊಂಡುದಕ್ಕಿಂತ ಹೆಚ್ಚಿನ ಉಪಕಾರವಾದೀತು.

ಈಗ ಲೆಕ್ಕಕ್ಕೆ ಬರೋಣ. ಒಂದು ಶಾಲೆಯಲ್ಲಿ ಮೂವತ್ತು ಯಂತ್ರಗಳಿವೆಯೆಂದೂ ಒಂದೊಂದರ ಆಂಟಿವೈರಸ್ಸಿಗೆ ವರ್ಷಕ್ಕೆ ೮೦೦ ರೂಪಾಯಿ ಎಂದೂ ಉದಾಹರಣೆಗಾಗಿ ಇಟ್ಟುಕೊಳ್ಳೋಣ. ವರ್ಷಕ್ಕೆ ೨೪,೦೦೦ ರೂಪಾಯಿ; ಐದು ವರ್ಷಕ್ಕೆ ೧,೨೦,೦೦೦ ರೂಪಾಯಿ. ಮೊದಲ ವರ್ಷ ರಿಯಾಯಿತಿಯ ಬೆಲೆ, ನವೀಕರಣಕ್ಕೆ ಪೂರ್ಣ ಬೆಲೆ ಎಂಬ ವ್ಯಾಪಾರನೀತಿಯೂ ಇದರೊಡನೆ ಸೇರುವುದುಂಟು. ಈ ಹಣವನ್ನು ಹೇಗೆ ವಿನಿಯೋಗಿಸುವುದು ಶ್ರೇಯಸ್ಕರ?

ಮೊದಲನೆಯದಾಗಿ, ಪ್ರತಿಗಳು. ಎರಡು ಬಾಹ್ಯ ಹಾರ್ಡ್ ಡಿಸ್ಕ್‌ಗಳನ್ನು ಕೊಂಡು, ಅಂಕ, ಶುಲ್ಕ, ವೇತನಗಳ ದಾಖಲೆಯನ್ನು ವಾರಕ್ಕೊಮ್ಮೆ ಸರದಿಯಂತೆ ನಕಲು ಮಾಡಿ, ಕೆಲಸ ಮುಗಿದೊಡನೆ ಯಂತ್ರದಿಂದ ಬಿಡಿಸಿ, ಒಂದನ್ನು ಶಾಲೆಯ ಹೊರಗೆ ಇಡಬೇಕು. ಸದಾ ಸಿಕ್ಕಿಸಿಯೇ ಇಟ್ಟ ಪ್ರತಿಯನ್ನು ಒತ್ತೆಹಣದ ವೈರಸ್ ಮೂಲದೊಡನೆಯೇ ನುಂಗುತ್ತದೆ. ವರ್ಷಕ್ಕೊಮ್ಮೆಯಾದರೂ ಆ ಪ್ರತಿಯಿಂದ ಕಡತಗಳನ್ನು ತೆರೆದು ನೋಡುವುದು ಅಗತ್ಯ.

ಎರಡನೆಯದಾಗಿ, ವಿಂಡೋಸ್. ಕದ್ದ ವಿಂಡೋಸ್ ಹಾಕಿದ ಯಂತ್ರಕ್ಕೆ ಹಣದ ಆಂಟಿವೈರಸ್ ಕೊಳ್ಳುವುದು ಕಳ್ಳಕೀಲಿಯ ಮನೆಗೆ ಬೆಳ್ಳಿಯ ಬೀಗ ಹಾಕಿದಂತೆ. ಪರವಾನಗಿಯನ್ನು ಮುರಿಯಲು ಬಳಸುವ ‘ಕ್ರ್ಯಾಕ್’ ಕಡತಗಳೇ ವೈರಸ್ಸಿಗೆ ಪ್ರಶಸ್ತ ವಾಹನ. ಇದಲ್ಲದೆ ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿದೆ. ಡಿಫೆಂಡರ್‌ಗೆ ಹೊಸ ವೈರಸ್ಸುಗಳ ಪಟ್ಟಿ ಬರುತ್ತಿದ್ದರೂ, ವ್ಯವಸ್ಥೆಯ ಬಿರುಕುಗಳಿಗೆ ಹಿಂದಿನಂತೆ ತೇಪೆ ಬರುವುದಿಲ್ಲ. ಕಾವಲುಗಾರನಿದ್ದೂ ಗೋಡೆ ಕುಸಿದಂತಾಯಿತು. ದಾನವಾಗಿ ಬಂದ ಹಳೆಯ ಯಂತ್ರಗಳಲ್ಲಿ ಅನೇಕವು ವಿಂಡೋಸ್ ೧೧ನ್ನು ಹೊರಲಾರವು. ಅಂತಹವಕ್ಕೆ ಉಚಿತವಾದ ಲಿನಕ್ಸ್ ವ್ಯವಸ್ಥೆಯನ್ನು ಹಾಕುವುದು ಒಳ್ಳೆಯ ಮಾರ್ಗ. ಕೇರಳದ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳು ಬಹುಕಾಲದಿಂದ ಈ ಮಾರ್ಗದಲ್ಲಿಯೇ ನಡೆದಿವೆ. ಕಚೇರಿಯಲ್ಲಿ ನುಡಿಯ ಹಳೆಯ ಕಡತಗಳಿರುವ ಕಾರಣ ಒಂದೆರಡು ವಿಂಡೋಸ್ ಯಂತ್ರಗಳು ಬೇಕಾದಾವು. ಮಕ್ಕಳ ಪ್ರಯೋಗಶಾಲೆಗೆ ಆ ನಿರ್ಬಂಧವಿಲ್ಲ.

ಮೂರನೆಯದಾಗಿ, ಒಬ್ಬ ಹೊಣೆಗಾರರು. ಒಬ್ಬ ಉಪಾಧ್ಯಾಯರಿಗಾಗಲಿ ಗುಮಾಸ್ತರಿಗಾಗಲಿ ತರಬೇತಿ ಕೊಡಿಸಿ, ತಿಂಗಳಿಗೊಂದು ಅರ್ಧ ದಿನವನ್ನು ಬಿಡುವು ಮಾಡಿಕೊಟ್ಟು, ಅಲ್ಪವಾದರೂ ಗೌರವಧನವನ್ನು ಗೊತ್ತುಪಡಿಸಬೇಕು. ಎಲ್ಲ ಯಂತ್ರಗಳಲ್ಲಿ ಅಪ್‌ಡೇಟ್ ನಡೆದಿದೆಯೆ, ಡಿಫೆಂಡರ್ ಎಚ್ಚರವಾಗಿದೆಯೆ, ಅದರಲ್ಲಿಯೇ ಇದ್ದು ಸಾಮಾನ್ಯವಾಗಿ ಮುಚ್ಚಿರುವ ಒತ್ತೆಹಣ ತಡೆಯುವ ಸೌಲಭ್ಯವನ್ನು ತೆರೆಯಲಾಗಿದೆಯೆ, ವರ್ಗವಾಗಿ ಹೋದವರ ಪಾಸ್‌ವರ್ಡ್ ಇನ್ನೂ ಜೀವಂತವಾಗಿದೆಯೆ ಎಂಬ ನಾಲ್ಕು ಪ್ರಶ್ನೆಗಳಿಗೆ ಅವರು ಉತ್ತರ ಬರೆದಿಟ್ಟರೆ ಸಾಕು. ಇದನ್ನು ಯಾವ ಪರವಾನಗಿಯೂ ನಮಗಾಗಿ ಮಾಡಿಕೊಡುವುದಿಲ್ಲ.

ಅಪವಾದವಿಲ್ಲದ ನಿಯಮವಿಲ್ಲ. ಬ್ಯಾಂಕಿನ ವ್ಯವಹಾರ ನಡೆಯುವ ಲೆಕ್ಕಪತ್ರದ ಯಂತ್ರಕ್ಕೆ, ಬಳಿಯಲ್ಲಿ ಬಲ್ಲವರಿಲ್ಲದಿದ್ದಲ್ಲಿ, ದೂರವಾಣಿ ಸಹಾಯದ ಸಲುವಾಗಿ ಹಣದ ತಂತ್ರಾಂಶವನ್ನು ಕೊಂಡರೆ ನಾವು ಆಕ್ಷೇಪಿಸುವುದಿಲ್ಲ. ಹಲವು ಕಟ್ಟಡಗಳಲ್ಲಿ ನೂರಾರು ಯಂತ್ರಗಳನ್ನು ನಡೆಸುವ ಕಾಲೇಜುಗಳಿಗೂ ಕೇಂದ್ರ ನಿರ್ವಹಣೆಯ ವ್ಯವಸ್ಥೆ ಬೇಕಾದೀತು. ಆದರೆ ಕೊಳ್ಳುವವರು ಇಂತಹ ಕಾರಣಕ್ಕಾಗಿ ಕೊಳ್ಳುತ್ತಿದ್ದೇವೆಂದು ಬರೆದಿಟ್ಟು ಕೊಳ್ಳಲಿ. ಕಳೆದ ವರ್ಷ ಕೊಂಡಿದ್ದೆವು ಎಂಬುದು ಕಾರಣವಾಗಲಾರದು.

ಈ ವಿಷಯದಲ್ಲಿ ಕಾನೂನಿನ ಮಾತೂ ಉಂಟು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹದಿನೆಂಟು ವರ್ಷ ತುಂಬದವರನ್ನೆಲ್ಲ ಮಕ್ಕಳೆಂದು ಪರಿಗಣಿಸಿ ಅವರ ಮಾಹಿತಿಗೆ ವಿಶೇಷ ರಕ್ಷಣೆಯನ್ನು ವಿಧಿಸುತ್ತದೆ. ತಕ್ಕ ಭದ್ರತೆಯನ್ನು ಒದಗಿಸದವರಿಗೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡ ಹಾಕಲು ಅದರಲ್ಲಿ ಅವಕಾಶವಿದೆ. ಆದರೆ ದಂಡದ ಭಯಕ್ಕಿಂತ ದೊಡ್ಡದು ನಂಬಿಕೆಯ ಋಣ. ತಂದೆತಾಯಿಗಳು ಮಗುವಿನ ಆಧಾರ್ ಸಂಖ್ಯೆ, ಜಾತಿ, ವರಮಾನ, ಆರೋಗ್ಯಗಳ ವಿವರವನ್ನು ನಮ್ಮ ಕೈಗೆ ಕೊಡುವಾಗ ರಸೀತಿ ಕೇಳುವುದಿಲ್ಲ.

ದಾನಿಗಳಲ್ಲಿ ಒಂದು ವಿಜ್ಞಾಪನೆ. ಹೊಸ ಗಣಕಯಂತ್ರಗಳನ್ನು ಕೊಡುವವರ ಹೆಸರು ಗೋಡೆಯ ಕಲ್ಲಿನ ಮೇಲೆ ಕಾಣುತ್ತದೆ; ಹಾರ್ಡ್ ಡಿಸ್ಕ್‌ಗೂ ತರಬೇತಿಗೂ ಹಣ ಕೊಟ್ಟವರ ಹೆಸರನ್ನು ಯಾರೂ ಕೆತ್ತಿಸುವುದಿಲ್ಲ. ಆದರೂ ಯಂತ್ರಗಳನ್ನು ಕೊಡುವಾಗ ಅವುಗಳ ಐದು ವರ್ಷದ ಪಾಲನೆಗೂ ಒಂದು ಪಾಲನ್ನು ಸೇರಿಸಿ ಕೊಡುವ ಸಂಪ್ರದಾಯವನ್ನು ತಾವು ಆರಂಭಿಸಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳಲ್ಲಿ ಉನ್ನತ ಸ್ಥಾನಗಳಲ್ಲಿದ್ದಾರೆ. ಅವರು ವರ್ಷಕ್ಕೆ ಎರಡು ಶನಿವಾರಗಳನ್ನು ತಾವು ಕಲಿತ ಶಾಲೆಗೆ ಮೀಸಲಿಟ್ಟು ಲ್ಯಾಬಿನ ಯಂತ್ರಗಳನ್ನು ಪರೀಕ್ಷಿಸಿಕೊಟ್ಟರೆ, ಹಣದ ತಂತ್ರಾಂಶದೊಡನೆ ದೊರೆಯುವ ದೂರವಾಣಿ ಸಹಾಯದ ಅಗತ್ಯವೇ ಉಳಿಯದು. ಉಪಾಧ್ಯಾಯ ಬಂಧುಗಳು ಅಪ್‌ಡೇಟ್ ಸೂಚನೆಯನ್ನು ಕಂಡೊಡನೆ ಅದನ್ನು ನಾಳೆಗೆ ತಳ್ಳದಿರಲಿ. ಮುಂದಿನ ಆಯವ್ಯಯದಲ್ಲಿ ‘ಆಂಟಿವೈರಸ್ ನವೀಕರಣ’ ಎಂಬ ಬಾಬನ್ನು ತೆಗೆದು, ಅಷ್ಟೇ ಮೊತ್ತವನ್ನು ‘ದಾಖಲೆಗಳ ರಕ್ಷಣೆ’ ಎಂಬ ಹೆಸರಿನಲ್ಲಿ ಬರೆಯಬೇಕೆಂಬುದೇ ಆಡಳಿತ ಮಂಡಲಿಯವರಲ್ಲಿ ನಮ್ಮ ಸವಿನಯ ಪ್ರಾರ್ಥನೆ.